ಅನ್ನವೂ ಅಗ್ನಿಯೂ

ಅನ್ನವನ್ನು ಅಗ್ನಿಗೆ ಸಮರ್ಪಿಸುವುದು ನಮ್ಮ ಜನದ ಧಾರ್ಮಿಕ ಪ್ರಜ್ಞೆಗೆ ಅಪರಿಚಿತವಾದ ಕರ್ಮವಲ್ಲ. ಶ್ರೌತಯಾಗಗಳಲ್ಲಿ ಅಕ್ಕಿಯ ಅಥವಾ ಯವದ ಹಿಟ್ಟಿನಿಂದ ಮಾಡಿದ ಪುರೋಡಾಶವು ಹವಿಸ್ಸಾಗಿ ಅಗ್ನಿಯನ್ನು ಸೇರುತ್ತಿದ್ದಿತು. ವಿವಾಹದಲ್ಲಿ ವಧುವಿನ ಬೊಗಸೆಯಿಂದ ಅರಳು ಇಂದಿಗೂ ಹೋಮಕುಂಡಕ್ಕೆ ಬೀಳುತ್ತದೆ. ವೈಶ್ವದೇವವನ್ನು ಬಿಡದೆ ನಡೆಸಿಕೊಂಡು ಬಂದಿರುವ ಮನೆಗಳಲ್ಲಿ ಬೆಂದ ಅನ್ನದ ಮೊದಲ ಪಾಲು ಉಣ್ಣುವವರ ಎಲೆಗೆ ಬರುವುದಕ್ಕೆ ಮುಂಚೆ ಬೆಂಕಿಗೆ ಸಲ್ಲುತ್ತದೆ. ಆದುದರಿಂದ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಯೋವಾ, ನೆಬ್ರಾಸ್ಕಾ, ಇಲಿನಾಯ್ ಮುಂತಾದ ಪ್ರಾಂತಗಳಲ್ಲಿ ಮೆಕ್ಕೆಜೋಳವನ್ನು ಎಥೆನಾಲ್ ಆಗಿ ಬಟ್ಟಿಯಿಳಿಸಿ ಮೋಟಾರು ಗಾಡಿಗಳಲ್ಲಿ ಉರಿಸುತ್ತಿರುವರೆಂದು ಕೇಳಿದೊಡನೆ, ಅನ್ನವನ್ನು ಸುಡುವುದು ಪಾಪವೆಂದು ಒಂದೇ ಮಾತಿನಲ್ಲಿ ತೀರ್ಪುಕೊಡಲು ನಮಗೆ ಅಧಿಕಾರವಿದೆಯೆಂದು ನನಗೆ ತೋರದು. ಸುಡುವುದೇ ದೋಷವಾಗಿದ್ದರೆ ಯಜ್ಞವೂ ದೋಷವಾಗಬೇಕಾಗುತ್ತಿತ್ತು. ಯಜ್ಞದ ಅಗ್ನಿಗೂ ಯಂತ್ರದ ಅಗ್ನಿಗೂ ನಡುವೆ ಭೇದವಿದೆಯೆಂದು ನಮ್ಮ ಅಂತಃಕರಣವು ಹೇಳುತ್ತಿರುವುದು ನಿಜವಾದರೆ, ಆ ಭೇದವು ಯಾವುದರಲ್ಲಿ ನಿಂತಿದೆಯೆಂಬುದನ್ನು ನಾವು ಶೋಧಿಸಬೇಕಾಗಿದೆ.

ಮೊದಲು ಸಂಗತಿಯ ಸ್ವರೂಪವನ್ನು ತಿಳಿಯೋಣ. ಮೆಕ್ಕೆಜೋಳವನ್ನು ಬೀಸಿ, ನೀರಿನಲ್ಲಿ ಕಲಸಿ ಬೇಯಿಸಿ, ಕಿಣ್ವಗಳ ಸಹಾಯದಿಂದ ಅದರ ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ಯೀಸ್ಟನ್ನು ಸೇರಿಸಿ ಹುದುಗಿಸಿ, ಬಟ್ಟಿಯಿಳಿಸಿ, ಉಳಿದ ನೀರಿನ ಅಂಶವನ್ನೂ ಹೀರಿ ತೆಗೆದರೆ ಎಥೆನಾಲ್ ಸಿದ್ಧವಾಗುತ್ತದೆ. ಒಂದು ಬುಷೆಲ್, ಎಂದರೆ ಸುಮಾರು 25 ಕಿಲೋ ಕಾಳಿನಿಂದ, ಹತ್ತು ಲೀಟರಿಗೆ ತುಸು ಮಿಗಿಲಾಗಿ ಇಂಧನ ದೊರೆಯುವುದು. ಐವತ್ತು ಲೀಟರು ಹಿಡಿಯುವ ಒಂದು ಕಾರಿನ ಟ್ಯಾಂಕನ್ನು ಶುದ್ಧ ಎಥೆನಾಲಿನಿಂದ ತುಂಬಿಸಬೇಕಾದರೆ ಸುಮಾರು 120 ಕಿಲೋ ಕಾಳು ಬೇಕಾಗುತ್ತದೆ. ದಿನಕ್ಕೆ ಅರ್ಧ ಕಿಲೋದಂತೆ ಒಬ್ಬ ಮನುಷ್ಯನಿಗೆ ಅದು ಎಂಟು ತಿಂಗಳ ಗ್ರಾಸ. ಅದೂ ಅಲ್ಲದೆ ಅಷ್ಟೇ ಅಳತೆಯ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರನೆಯ ಎರಡು ಪಾಲು ಮಾತ್ರ ಎಥೆನಾಲಿನಲ್ಲಿರುವುದರಿಂದ ಗಾಡಿ ಓಡುವ ದೂರವೂ ಕಡಮೆಯೇ. 2000ದ ಸುಮಾರಿನಲ್ಲಿ ಅಮೆರಿಕದ ಬೆಳೆಯಲ್ಲಿ ನೂರಕ್ಕೆ ಆರೇಳು ಪಾಲು ಈ ದಾರಿಯನ್ನು ಹಿಡಿದಿದ್ದಿತು. 2005ರಲ್ಲಿಯೂ 2007ರಲ್ಲಿಯೂ ಆ ದೇಶದ ಶಾಸನಸಭೆಯು ಪೆಟ್ರೋಲಿನೊಡನೆ ಇಂಥಿಷ್ಟು ಜೈವಿಕ ಇಂಧನವನ್ನು ಬೆರೆಸಲೇಬೇಕೆಂದು ಕಾನೂನು ಮಾಡಿತು. 2022ರ ವೇಳೆಗೆ ಒಟ್ಟು 3,600 ಕೋಟಿ ಗ್ಯಾಲನ್, ಅದರಲ್ಲಿ ಮೆಕ್ಕೆಜೋಳದ ಎಥೆನಾಲಿಗೆ 1,500 ಕೋಟಿ ಗ್ಯಾಲನ್ನಿನ ಮಿತಿ ಎಂಬುದು ಆ ಶಾಸನದ ಲೆಕ್ಕ. ಮೊದಲ ಕಾನೂನು ಬಂದು ಹತ್ತು ವರ್ಷ ಕಳೆಯುವುದರೊಳಗೆ ಅಲ್ಲಿಯ ಬೆಳೆಯಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಎಥೆನಾಲ್ ಕಾರ್ಖಾನೆಗಳಿಗೆ ಹೋಗತೊಡಗಿತು.

ನ್ಯಾಯದ ದೃಷ್ಟಿಯಿಂದ ಇನ್ನೆರಡು ವಿಷಯಗಳನ್ನು ಇಲ್ಲಿಯೇ ಹೇಳಬೇಕು. ಕಾರ್ಖಾನೆಗೆ ಹೋದ ಕಾಳೆಲ್ಲ ಹೊಗೆಯಾಗಿ ಹೋಗುವುದಿಲ್ಲ. ಹುದುಗುವುದು ಪಿಷ್ಟವಷ್ಟೆ, ಪ್ರೋಟೀನು, ಎಣ್ಣೆ, ನಾರು ಹಿಂದೆ ಉಳಿಯುತ್ತವೆ, ಮತ್ತು ತೂಕದಲ್ಲಿ ಸುಮಾರು ಮೂರನೆಯ ಒಂದರಷ್ಟಿರುವ ಆ ಶೇಷವು ದನಗಳ, ಹಂದಿಗಳ, ಕೋಳಿಗಳ ಆಹಾರವಾಗಿ ಮತ್ತೆ ಅನ್ನದ ಚಕ್ರವನ್ನು ಪ್ರವೇಶಿಸುತ್ತದೆ. ಎರಡನೆಯದಾಗಿ, ಅಮೆರಿಕದ ಬಯಲುಗಳಲ್ಲಿ ಬೆಳೆಯುವ ಹಳದಿ ಮೆಕ್ಕೆಜೋಳವು ಇಂಧನದ ಕಾಲಕ್ಕೆ ಮೊದಲು ಮನುಷ್ಯನ ತಟ್ಟೆಗೆ ನೇರವಾಗಿ ಬರುತ್ತಿದ್ದ ಧಾನ್ಯವೇನೂ ಆಗಿರಲಿಲ್ಲ. ಅದರ ಬಹುಭಾಗವನ್ನು ಪಶುಗಳಿಗೆ ಮೇಯಿಸಿ ಮಾಂಸವಾಗಿಸುತ್ತಿದ್ದರು. ಬುಷೆಲಿಗೆ ಎರಡು ಡಾಲರಿನ ಆಸುಪಾಸಿನಲ್ಲಿ ಬೆಲೆ ಬಿದ್ದುಕೊಂಡಿದ್ದ ವರ್ಷಗಳಲ್ಲಿ ಬಿತ್ತನೆಯ ಖರ್ಚು ಹುಟ್ಟದೆ ಸರ್ಕಾರದ ಸಹಾಯಧನವನ್ನೇ ನೆಚ್ಚಿ ಬದುಕುತ್ತಿದ್ದ ಅಲ್ಲಿಯ ರೈತನಿಗೆ ತನ್ನ ಊರಿನ ಪಕ್ಕದಲ್ಲಿಯೇ ಎದ್ದು ನಿಂತ ಎಥೆನಾಲ್ ಕಾರ್ಖಾನೆಯು ಬಹಳ ದೊಡ್ಡ ಆಸರೆಯಾಗಿ ಕಂಡಿತು. ಧಾನ್ಯವು ಅಗ್ಗವಾಗಿರುವುದೇ ಧರ್ಮವೆಂದು ಪೇಟೆಯಲ್ಲಿ ಕುಳಿತು ಹೇಳುವುದು ಸುಲಭ; ಅನ್ನವನ್ನು ಬೆಳೆದವನೇ ಅನ್ನಕ್ಕೆ ಸಾಲಮಾಡಬೇಕಾಗಿ ಬಂದರೆ ಅದು ಅನ್ನಕ್ಕೆ ಮಾಡಿದ ಅವಮಾನವೇ ಸರಿ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಮನಸ್ಸಿಗೆ ಸಮಾಧಾನವಾಗದಿರುವುದಕ್ಕೆ ಕಾರಣವನ್ನು ಮೆಕ್ಕೆಜೋಳದ ತವರಿನಲ್ಲಿಯೇ ಹುಡುಕಬೇಕು. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ, ಇಂದಿನ ಮೆಕ್ಸಿಕೋ ದೇಶದ ಬಾಲ್ಸಾಸ್ ನದಿಯ ಕೊಳ್ಳದಲ್ಲಿ, ಟಿಯೋಸಿಂಟೆಯೆಂಬ ಕಾಡುಹುಲ್ಲನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಬಿತ್ತುತ್ತಾ ಬಂದ ಜನರ ಕೈಯಲ್ಲಿ ಈ ಬೆಳೆ ರೂಪುಗೊಂಡಿತು. ಕಾಡುಹುಲ್ಲಿನ ಬೀಜ ತಾನಾಗಿಯೇ ಉದುರಿ ಮೊಳೆಯುವುದು. ಮೆಕ್ಕೆಜೋಳದ ಕಾಳಾದರೋ ಸಿಪ್ಪೆಯ ಮುಸುಕಿನೊಳಗೆ ದಿಂಡನ್ನು ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಮನುಷ್ಯನು ಬಿಡಿಸಿ ಬಿತ್ತದಿದ್ದರೆ ಅದರ ವಂಶ ಮುಂದುವರಿಯುವುದಿಲ್ಲ. ಮನುಷ್ಯನಿಲ್ಲದೆ ಅದಿಲ್ಲ. ಅದಿಲ್ಲದೆ ಮನುಷ್ಯನಿಲ್ಲವೆಂದು ಹೇಳಿದವರು ಗ್ವಾಟೆಮಾಲಾದ ಮಲೆನಾಡಿನ ಕಿಚೆ ಮಾಯಾ ಜನರು. ಅವರ ಪೂಜ್ಯಗ್ರಂಥವಾದ ಪೊಪೊಲ್ ವುಹ್ ನಮಗೆ ಉಳಿದುಬಂದಿರುವುದು, ಹದಿನೆಂಟನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿಸ್ಕೋ ಹಿಮೆನೆಸ್ ಎಂಬ ಕ್ರೈಸ್ತ ಪಾದ್ರಿಯು ಚಿಚಿಕಾಸ್ಟೆನಾಂಗೋ ಎಂಬ ಊರಿನಲ್ಲಿ ಅದನ್ನು ಪ್ರತಿಮಾಡಿಟ್ಟುದರಿಂದ. ಅದರಲ್ಲಿ ಸೃಷ್ಟಿಕರ್ತರು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾರೆ. ಅವನು ನೀರಿನಲ್ಲಿ ಕರಗಿಹೋಗುತ್ತಾನೆ. ಆಮೇಲೆ ಮರದಿಂದ ಮಾಡುತ್ತಾರೆ. ಮರದ ಜನರು ನಡೆಯುತ್ತಾರೆ, ಮಾತನಾಡುತ್ತಾರೆ, ಸಂತತಿಯನ್ನೂ ಪಡೆಯುತ್ತಾರೆ, ಆದರೆ ಅವರಿಗೆ ಹೃದಯವಿಲ್ಲ, ತಮ್ಮನ್ನು ಮಾಡಿದವರ ಸ್ಮರಣೆಯಿಲ್ಲ. ಅವರ ವಿನಾಶಕಾಲ ಬಂದಾಗ ಪ್ರಳಯದ ಮಳೆಯೊಂದೇ ಅವರ ಮೇಲೆ ಬೀಳುವುದಲ್ಲ. ಅವರ ಮನೆಯ ಬೀಸುವ ಕಲ್ಲುಗಳು, ಮಡಕೆಗಳು, ಕಾವಲಿಗಳು, ಸಾಕಿದ ನಾಯಿಗಳು ಎಲ್ಲವೂ ತಿರುಗಿ ನಿಂತು, ನಮ್ಮನ್ನು ಅರೆದಿರಿ, ಸುಟ್ಟಿರಿ, ಹಸಿವಿನಲ್ಲಿಟ್ಟಿರಿ ಎಂಬ ಭಾವದಿಂದ ಅವರ ಮುಖಕ್ಕೆ ಎರಗುತ್ತವೆ. ಅನಂತರವೇ ಹಳದಿಯ ಮತ್ತು ಬಿಳಿಯ ಮೆಕ್ಕೆಜೋಳದ ಹಿಟ್ಟಿನಿಂದ ನಿಜವಾದ ಮನುಷ್ಯನು ಹುಟ್ಟುತ್ತಾನೆ. ಹುಟ್ಟಿದವನು ಮೊದಲು ಮಾಡುವ ಕೆಲಸ ಕೃತಜ್ಞತೆಯನ್ನು ಸಲ್ಲಿಸುವುದು. ಭೃಗುವು ತಂದೆಯಾದ ವರುಣನ ಮಾತಿನಂತೆ ತಪಸ್ಸುಮಾಡಿ, ಭೂತಗಳು ಅನ್ನದಿಂದ ಹುಟ್ಟಿ ಅನ್ನದಿಂದ ಬದುಕಿ ಅನ್ನವನ್ನೇ ಸೇರುವುವೆಂದು ಮೊದಲ ಮೆಟ್ಟಿಲಿನಲ್ಲಿ ಕಂಡುಕೊಂಡ ಕಥೆಯನ್ನು ತೈತ್ತಿರೀಯೋಪನಿಷತ್ತಿನಲ್ಲಿ ಓದಿರುವ ನಮಗೆ, ಒಬ್ಬರ ಹೆಸರನ್ನೊಬ್ಬರು ಕೇಳದಿದ್ದ ಎರಡು ಜನಾಂಗಗಳು ಇಷ್ಟು ಹತ್ತಿರಕ್ಕೆ ಬಂದುದು ರೋಮಾಂಚಕರವಾದ ವಿಷಯ.

ಮೆಕ್ಕೆಜೋಳದ ಆ ತವರುನಾಡಿನಲ್ಲಿಯೇ ಇಂಧನದ ಪ್ರಶ್ನೆಯು ಮೊದಲು ಬೀದಿಗೆ ಬಂದಿತು. ಮೆಕ್ಸಿಕೋದ ಬಡವರಿಗೆ ಟೋರ್ಟಿಯಾ, ಎಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಅರೆದು ತಟ್ಟಿದ ರೊಟ್ಟಿ, ನಿತ್ಯದ ಊಟ. 2006ರ ಕೊನೆಯಲ್ಲಿ ಅದರ ಬೆಲೆ ಏರತೊಡಗಿತು. 2007ರ ಜನವರಿಯಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರಾನರು ವರ್ತಕರೊಡನೆ ಒಪ್ಪಂದ ಮಾಡಿಕೊಂಡು ಕಿಲೋವೊಂದಕ್ಕೆ 8.50 ಪೆಸೋ ಮೀರಬಾರದೆಂದು ಗೊತ್ತುಪಡಿಸಬೇಕಾಯಿತು. ಆದರೂ ಆ ತಿಂಗಳ ಕೊನೆಯ ದಿನ ಹತ್ತಾರು ಸಾವಿರ ಜನರು ರಾಜಧಾನಿಯ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಟೋರ್ಟಿಯಾ ಮಾಡುವುದು ಬಿಳಿಯ ಮೆಕ್ಕೆಜೋಳದಿಂದ, ಎಥೆನಾಲಿಗೆ ಹೋಗುವುದು ಹಳದಿಯದು. ದೊಡ್ಡ ವರ್ತಕರು ದಾಸ್ತಾನು ಮಾಡಿದರೆಂಬ ಆರೋಪವೂ ಆಗ ಕೇಳಿಬಂದಿತ್ತು. 1994ರ ಉತ್ತರ ಅಮೆರಿಕಾ ಮುಕ್ತ ವ್ಯಾಪಾರ ಒಪ್ಪಂದದಿಂದ ಮೆಕ್ಸಿಕೋದ ಸಣ್ಣ ರೈತನು ಮೊದಲೇ ಕುಗ್ಗಿದ್ದನು. ಆದುದರಿಂದ ಎಲ್ಲ ಹೊರೆಯನ್ನೂ ಎಥೆನಾಲಿನ ತಲೆಗೆ ಕಟ್ಟುವುದು ಸತ್ಯವಾಗದು. ಆದರೆ ಒಂದರ ಬೆಲೆ ಏರಿದಾಗ ಮತ್ತೊಂದನ್ನು ಕೊಳ್ಳುವ ಪೇಟೆಯಲ್ಲಿ ಹಳದಿಯ ಬೆಲೆ ಬಿಳಿಯದನ್ನೂ ಎಳೆದುಕೊಂಡು ಹೋಗುವುದು. 2007ರ ಅಕ್ಟೋಬರಿನಲ್ಲಿ, ವಿಶ್ವಸಂಸ್ಥೆಯ ಪರವಾಗಿ ಆಹಾರದ ಹಕ್ಕನ್ನು ಪರಿಶೀಲಿಸುತ್ತಿದ್ದ ಜೀನ್ ಝೀಗ್ಲರ್ ಅವರು ಅನ್ನದ ಬೆಳೆಯನ್ನು ಇಂಧನವಾಗಿಸುವುದು ಮಾನವಕುಲದ ವಿರುದ್ಧ ಎಸಗಿದ ಅಪರಾಧವೆಂದು ಹೇಳಿ, ಐದು ವರ್ಷ ಅದನ್ನು ನಿಲ್ಲಿಸಬೇಕೆಂದು ಕೇಳಿದರು. ಆ ಮಾತಿನ ಉಗ್ರತೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಆದರೆ ಅದರ ಹಿಂದಿದ್ದ ಸಂಕಟವನ್ನು ಅಲ್ಲಗಳೆಯಲಾರೆ.

ಆ ಸಂಕಟವನ್ನು ತರ್ಕದ ರೂಪಕ್ಕೆ ತರಲು ನನಗೆ ನೆರವಾಗುವ ಕಥೆಯೊಂದು ಛಾಂದೋಗ್ಯೋಪನಿಷತ್ತಿನಲ್ಲಿದೆ. ಕುರುದೇಶದ ಬೆಳೆ ಹಾಳಾಗಿ ಕ್ಷಾಮ ಬಂದಾಗ ಉಷಸ್ತಿ ಚಾಕ್ರಾಯಣನೆಂಬ ವಿದ್ವಾಂಸನು ಎಳೆಯ ಹೆಂಡತಿಯೊಡನೆ ಊರೂರು ತಿರುಗುತ್ತಾ ಮಾವುತರ ಹಳ್ಳಿಯೊಂದಕ್ಕೆ ಬರುತ್ತಾನೆ. ಅಲ್ಲಿ ಒಬ್ಬನು ಬೇಯಿಸಿದ ಕಾಳನ್ನು ತಿನ್ನುತ್ತಿರುವುದನ್ನು ಕಂಡು ಬೇಡುತ್ತಾನೆ. ತನ್ನ ಮುಂದಿರುವ ಎಂಜಲಿನ ಹೊರತು ಬೇರೇನೂ ಇಲ್ಲವೆಂದಾಗ ಅದನ್ನೇ ಕೊಡೆಂದು ಇಸಿದುಕೊಂಡು ತಿನ್ನುತ್ತಾನೆ. ಆಮೇಲೆ ಮಾವುತನು ಕುಡಿಯಲು ನೀರನ್ನೂ ನೀಡಿದರೆ, ಎಂಜಲಾದ ನೀರು ತನಗೆ ಬೇಡವೆನ್ನುತ್ತಾನೆ. ಕಾಳು ಎಂಜಲಲ್ಲವೆ ಎಂದು ಮಾವುತನು ಕೇಳುವುದು ಸಹಜವೇ. ಅದಕ್ಕೆ ಉಷಸ್ತಿಯ ಸಮಾಧಾನವಿಷ್ಟು: ಆ ಕಾಳನ್ನು ತಿನ್ನದಿದ್ದರೆ ತಾನು ಬದುಕುತ್ತಿರಲಿಲ್ಲ, ನೀರಾದರೋ ತನಗೆ ಬೇಕೆಂದಲ್ಲಿ ದೊರೆಯುವುದು, ಅದನ್ನು ಇಲ್ಲಿಯೇ ಕುಡಿಯುವುದು ಇಚ್ಛೆಯ ಮಾತೇ ಹೊರತು ಪ್ರಾಣದ ಮಾತಲ್ಲ. ಮಿಕ್ಕ ಕಾಳನ್ನು ಮರುದಿನ ಮುಂಜಾನೆ ತಿಂದು, ಅರಸನ ಯಾಗಶಾಲೆಗೆ ಹೋಗಿ, ಅಲ್ಲಿಯ ಋತ್ವಿಜರಿಗೆ ಅವರು ಹಾಡುವ ಪ್ರತಿಹಾರವೆಂಬ ಸಾಮಭಾಗಕ್ಕೆ ಅಧಿದೇವತೆ ಅನ್ನವೆಂದು ಬೋಧಿಸಿದವನೂ ಈ ಉಷಸ್ತಿಯೇ. ಹಸಿವಿನ ತುದಿಯಲ್ಲಿ ನಿಂತಿದ್ದಾಗಲೂ ಪ್ರಾಣಕ್ಕೆ ಬೇಕಾದುದೆಷ್ಟು, ಕಾಮಕ್ಕೆ ಬೇಕಾದುದೆಷ್ಟು ಎಂಬ ಗೆರೆಯನ್ನು ಆ ಮನುಷ್ಯನು ಅಳಿಸಲಿಲ್ಲ.

ಇಂದಿನ ಪೇಟೆಯು ಅಳಿಸಿರುವುದು ಆ ಗೆರೆಯನ್ನೇ. ಹಸಿದವನ ಹೊಟ್ಟೆಯೂ ಗಾಡಿಯ ಟ್ಯಾಂಕೂ ಒಂದೇ ಕಾಳಿಗೆ ಒಂದೇ ಹರಾಜಿನಲ್ಲಿ ಕೂಗಿದಾಗ, ಬೆಲೆಯು ಇಬ್ಬರಲ್ಲಿ ಯಾರಿಗೆ ಎಷ್ಟು ಅವಶ್ಯವೆಂದು ಕೇಳುವುದಿಲ್ಲ, ಯಾರು ಎಷ್ಟು ಕೊಡುವರೆಂದು ಮಾತ್ರ ಕೇಳುತ್ತದೆ. ಅದಕ್ಕಿಂತಲೂ ಆಳವಾದ ಅಸಮತೆಯೊಂದಿದೆ. ಹೊಟ್ಟೆಗೆ ತೃಪ್ತಿಯೆಂಬುದುಂಟು, ಎಷ್ಟೇ ಸಿರಿವಂತನಾದರೂ ದಿನಕ್ಕೆ ಒಂದು ಸೇರಿಗಿಂತ ಹೆಚ್ಚು ಉಣ್ಣಲಾರನು, ಮತ್ತು ಈ ಒಂದು ಕಾರಣದಿಂದಲೇ ಅನ್ನದಾನದಲ್ಲಿ ಮಾತ್ರ ಪಡೆದವನು ಸಾಕೆಂದು ಹೇಳುವನೆಂದು ನಮ್ಮ ಹಿರಿಯರು ಅದನ್ನು ದಾನಗಳಲ್ಲೆಲ್ಲ ಶ್ರೇಷ್ಠವೆಂದರು. ಗಾಡಿಗೆ ಸಾಕೆಂಬುದಿಲ್ಲ, ದೂರ, ವೇಗ, ಗಾಡಿಗಳ ಸಂಖ್ಯೆ ಇವುಗಳಿಗೆ ಸ್ವಭಾವತಃ ಕೊನೆಯಿಲ್ಲ. ತೃಪ್ತಿಯುಳ್ಳ ಹಸಿವನ್ನು ತೃಪ್ತಿಯಿಲ್ಲದ ಹಸಿವಿನೊಡನೆ ಸಮಪಂಕ್ತಿಯಲ್ಲಿ ಕೂರಿಸಿದರೆ ಸೋಲುವುದು ಮೊದಲನೆಯದೇ. ವೈಶ್ವದೇವದ ಬೆಂಕಿಗೂ ಈ ಬೆಂಕಿಗೂ ಭೇದವಿರುವುದು ಇಲ್ಲಿ. ಆ ಕರ್ಮದಲ್ಲಿ ಅಗ್ನಿಯ ಪಾಲು ಒಂದೆರಡು ತುತ್ತು. ಅನಂತರ ಭೂತಬಲಿ, ನಾಯಿ ಕಾಗೆಗಳ ಪಾಲು, ಅತಿಥಿಯ ಪಾಲು. ಮನೆಯ ಯಜಮಾನನದು ಕಡೆಯ ಎಲೆ. ಯಾರದು ಮುಂದು, ಯಾರದು ಹಿಂದು ಎಂಬ ಕ್ರಮವೇ ಅಲ್ಲಿ ಧರ್ಮ. ಅಗ್ನಿಯ ಹೆಸರಿನಲ್ಲಿ ಯಜಮಾನನೇ ಮೊದಲು ಉಂಡುಬಿಡುವುದಾದರೆ ಅದು ಯಜ್ಞವೆನಿಸದು.

ಈ ಕ್ರಮದ ಪ್ರಶ್ನೆಯು ಬರಿಯ ವೇದಾಂತದ್ದಲ್ಲವೆಂಬುದಕ್ಕೆ 2012ನೆಯ ವರ್ಷವು ಸಾಕ್ಷಿ. ಆ ಬೇಸಿಗೆಯಲ್ಲಿ ಅಮೆರಿಕದ ಜೋಳದ ಸೀಮೆಗೆ ಭೀಕರವಾದ ಅನಾವೃಷ್ಟಿ ತಗುಲಿ, ಬುಷೆಲಿನ ಬೆಲೆ ಎಂಟು ಡಾಲರನ್ನು ದಾಟಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮುಖ್ಯಾಧಿಕಾರಿಯಾಗಿದ್ದ ಜೋಸೆ ಗ್ರಾಸಿಯಾನೋ ದ ಸಿಲ್ವಾ ಅವರು ಇಂಧನದ ಕಡ್ಡಾಯವನ್ನು ತಾತ್ಕಾಲಿಕವಾಗಿ ತಡೆಹಿಡಿಯಿರೆಂದು ಕೇಳಿಕೊಂಡರು; ಕೋಳಿ ಹಂದಿಗಳನ್ನು ಸಾಕುವವರು ಹೆಚ್ಚಾಗಿದ್ದ ಪ್ರಾಂತಗಳ ಗವರ್ನರುಗಳೂ ವಿನಾಯಿತಿಗೆ ಅರ್ಜಿ ಹಾಕಿದರು. ಕಾನೂನಿನಲ್ಲಿ ವಿನಾಯಿತಿಗೆ ಅವಕಾಶವಿದ್ದಿತು. ಆ ನವೆಂಬರಿನಲ್ಲಿ ಸಂಬಂಧಪಟ್ಟ ಇಲಾಖೆಯು ಅರ್ಜಿಯನ್ನು ತಿರಸ್ಕರಿಸಿತು. ಕಾನೂನು ಹೇಳುವಷ್ಟು ತೀವ್ರವಾದ ಆರ್ಥಿಕ ಹಾನಿ ಕಾಣಲಿಲ್ಲವೆಂಬುದು ಅದರ ತೀರ್ಮಾನ. ಅಳತೆಗೆ ಒಳಪಟ್ಟುದು ಅಮೆರಿಕದ ಹಾನಿ. ಹೊರಗಿನ ಪೇಟೆಯಲ್ಲಿ ಕಾಳು ಕೊಳ್ಳುವ ಬಡ ದೇಶದ ಸಂಸಾರಕ್ಕೆ ಆ ತಕ್ಕಡಿಯಲ್ಲಿ ತಟ್ಟೆಯೇ ಇರಲಿಲ್ಲ.

ಮಿತಿಮೀರಿದ ಆಹುತಿಯಿಂದ ಅಗ್ನಿಗೇ ಕೇಡೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ಶ್ವೇತಕಿಯೆಂಬ ರಾಜನು ಹನ್ನೆರಡು ವರ್ಷ ಎಡೆಬಿಡದೆ ಸುರಿದ ತುಪ್ಪದಿಂದ ಅಗ್ನಿದೇವನಿಗೆ ಅಜೀರ್ಣವಾಗಿ, ತೇಜಸ್ಸು ಕುಂದಿ, ಅದರ ಪರಿಹಾರಕ್ಕೆಂದು ಖಾಂಡವವನವನ್ನು ಮೃಗಪಕ್ಷಿಗಳ ಸಮೇತ ನುಂಗಬೇಕಾಯಿತಂತೆ. ಇಂದಿನ ಯಂತ್ರಾಗ್ನಿಯೂ ಅರಣ್ಯವನ್ನು ಕೇಳುತ್ತಲೇ ಇದೆ. ಕಾಳಿನ ಬೆಲೆ ಏರಿದಾಗ ಡಕೋಟಾ ಸೀಮೆಯ ಹುಲ್ಲುಗಾವಲುಗಳನ್ನು ಉತ್ತು ಮೆಕ್ಕೆಜೋಳ, ಸೋಯಾ ಬಿತ್ತಿದರು. ಇಂಧನಕ್ಕೆ ಒಂದು ಕಡೆ ಜೋಳವನ್ನು ಕಳೆದುಕೊಂಡ ಲೋಕವು ಆ ಕೊರತೆಯನ್ನು ತುಂಬಲು ಇನ್ನೊಂದು ಕಡೆ ಕಾಡನ್ನು ಕಡಿಯುವುದರಿಂದ, ವಾತಾವರಣಕ್ಕೆ ಉಳಿತಾಯವಾಗುವುದಕ್ಕಿಂತ ನಷ್ಟವೇ ಹೆಚ್ಚೆಂದು 2008ರಲ್ಲಿ ತಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು ವಾದಿಸಿದರು. ಆ ಲೆಕ್ಕದ ಪ್ರಮಾಣದ ವಿಷಯದಲ್ಲಿ ವಿದ್ವಾಂಸರ ವಿವಾದವು ಇನ್ನೂ ಮುಗಿದಿಲ್ಲ. ವಿವಾದವಿಲ್ಲದ ಸಂಗತಿಯೆಂದರೆ, ಜೋಳದ ಹೊಲಗಳಿಗೆ ಸುರಿದ ಸಾರಜನಕದ ಗೊಬ್ಬರವು ಮಿಸಿಸಿಪ್ಪಿ ನದಿಯಲ್ಲಿ ಹರಿದು ಹೋಗಿ ಕಡಲಿನ ನೀರಿನಲ್ಲಿ ಪ್ರಾಣವಾಯುವಿಲ್ಲದಂತೆ ಮಾಡಿ, ಮೀನುಗಳಿಗೆ ಬಾಳಲಾರದ ವಿಸ್ತಾರವಾದ ಪ್ರದೇಶವನ್ನು ಪ್ರತಿ ಬೇಸಿಗೆಯಲ್ಲಿಯೂ ನಿರ್ಮಿಸುತ್ತಿರುವುದು.

ಕಾಳು ಹೊಟ್ಟೆಗೆ, ದಂಟು ದಿಂಡು ಬೆಂಕಿಗೆ ಎಂಬ ಹಂಚಿಕೆಯಾದರೆ ಎಲ್ಲರಿಗೂ ಒಪ್ಪಿಗೆಯಾಗುತ್ತಿತ್ತು, ಮತ್ತು 2007ರ ಶಾಸನವು ತನ್ನ ಲೆಕ್ಕದ ದೊಡ್ಡ ಭಾಗವನ್ನು ಇಂಥ ಇಂಧನಕ್ಕೇ ಮೀಸಲಿಟ್ಟಿದ್ದಿತು. ಆದರೆ ನಾರನ್ನು ಸಕ್ಕರೆಯಾಗಿ ಒಡೆಯುವುದು ಪಿಷ್ಟವನ್ನು ಒಡೆದಷ್ಟು ಸುಲಭವಲ್ಲ. ಅಯೋವಾದ ನೆವಾಡಾ ಎಂಬ ಊರಿನಲ್ಲಿ 2015ರಲ್ಲಿ ತೆರೆದ ಅಂಥ ದೊಡ್ಡ ಕಾರ್ಖಾನೆಯೊಂದು 2017ರಲ್ಲಿ ಮುಚ್ಚಿತು. ನಮ್ಮ ಪಾಣಿಪತ್ತಿನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಸ್ಥಾವರವು 2022ರಲ್ಲಿ ಆರಂಭವಾಯಿತು. ಈ ದಾರಿಯಲ್ಲಿ ಸಾಗುವ ವಿಜ್ಞಾನಿಗೆ ನಾನು ಮನಸಾರೆ ಶುಭವನ್ನು ಕೋರುತ್ತೇನೆ.

ಇನ್ನು ನಮ್ಮ ನಾಡಿನ ಮಾತು. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಗದಗ ಜಿಲ್ಲೆಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಬಿಳಿಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಮೆಕ್ಕೆಜೋಳವು ನಿಂತಿದೆ. ಅದು ಹೋಗುತ್ತಿದ್ದುದು ಮುಖ್ಯವಾಗಿ ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ. 2018ರ ಜೈವಿಕ ಇಂಧನ ನೀತಿಯು ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವುದನ್ನು 2030ರ ಗುರಿಯಾಗಿ ಇಟ್ಟುಕೊಂಡಿತು. ಅನಂತರ ಆ ಗುರಿಯನ್ನು ಐದು ವರ್ಷ ಹಿಂದಕ್ಕೆ ತಂದರು. ಧಾನ್ಯವು ಮಿಗುತಾಯವಾದಾಗ ಮಾತ್ರ ಇಂಧನಕ್ಕೆ ಬಳಸತಕ್ಕದ್ದು, ಮಿಗುತಾಯವೋ ಅಲ್ಲವೋ ಎಂಬುದನ್ನು ಒಂದು ಸಮಿತಿಯು ನಿರ್ಣಯಿಸತಕ್ಕದ್ದು ಎಂಬ ವಿವೇಕವು ಆ ನೀತಿಯಲ್ಲಿ ಇದ್ದಿತು. 2023ರಲ್ಲಿ ಮುಂಗಾರು ಸೋತಾಗ ಸರ್ಕಾರವು ಅದರಂತೆ ನಡೆದುಕೊಂಡದ್ದೂ ಉಂಟು: ಜುಲೈಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಕೊಡುವುದನ್ನು ನಿಲ್ಲಿಸಿತು, ಡಿಸೆಂಬರಿನಲ್ಲಿ ಕಬ್ಬಿನ ರಸದ ಬಳಕೆಗೆ ಅಂಕೆ ಹಾಕಿತು. ಉಣ್ಣುವವರ ಅಕ್ಕಿ ಸಕ್ಕರೆಗಳನ್ನು ಗಾಡಿಯ ಮುಂದಿರಿಸಿದ ಆ ಎರಡು ಆಜ್ಞೆಗಳನ್ನು ನಾನು ಮೆಚ್ಚುತ್ತೇನೆ. ಆದರೆ ಬೆರಕೆಯ ಗುರಿಯನ್ನು ಮಾತ್ರ ಇಳಿಸಲಿಲ್ಲವಾದುದರಿಂದ ಅನೇಕ ಡಿಸ್ಟಿಲರಿಗಳು ಮೆಕ್ಕೆಜೋಳದ ಕಡೆಗೆ ಹೊರಳಿದವು. ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂಪಾಯಿಯ ದರವೂ ಏರ್ಪಟ್ಟಿತು. ಹೊರದೇಶಗಳಿಗೆ ಮಾರುತ್ತಿದ್ದ ಭಾರತವು 2024ರಲ್ಲಿ ಹೊರಗಿನಿಂದ ಮೆಕ್ಕೆಜೋಳವನ್ನು ತರಿಸಿಕೊಳ್ಳಬೇಕಾಗಿ ಬಂದಿತು. ಕೋಳಿ ಸಾಕುವವನ ಖರ್ಚು ಏರಿದರೆ ಮೊಟ್ಟೆಯ ಬೆಲೆಯೂ ಏರಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ತಿನ್ನುವ ಮಕ್ಕಳಲ್ಲಿ ಅನೇಕರು ದಿನದ ಮುಖ್ಯ ಪ್ರೋಟೀನು ಅದೊಂದೇ ಆಗಿರುವಂಥ ಮನೆಗಳಿಂದ ಬರುವವರು.

ಇದರ ಮರುವರ್ಷವೇ ಚಕ್ರವು ತಿರುಗಿತು. ಎಥೆನಾಲಿನ ಬೆಲೆಯನ್ನು ನಂಬಿ ಹೆಚ್ಚು ಎಕರೆಗೆ ಬಿತ್ತಿದ ನಮ್ಮ ರೈತರು, 2025ರ ಕೊನೆಯಲ್ಲಿ, ಕ್ವಿಂಟಾಲಿಗೆ 2,400 ರೂಪಾಯಿಯ ಬೆಂಬಲ ಬೆಲೆ ಕಾಗದದಲ್ಲಿದ್ದರೂ, ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಮೆಗೆ ಕಾಳು ಸುರಿಯಬೇಕಾಯಿತು. ಲಕ್ಷ್ಮೇಶ್ವರದಲ್ಲಿ ಅವರು ದಿನಗಟ್ಟಲೆ ಧರಣಿ ಕುಳಿತರು. ಒಂದು ವರ್ಷ ಉಣ್ಣುವವನಿಗೆ ಕಷ್ಟ, ಮರುವರ್ಷ ಬೆಳೆಯುವವನಿಗೆ ಕಷ್ಟ. ನಡುವೆ ಗಾಡಿಯ ಪಾಲು ಮಾತ್ರ ಎರಡು ವರ್ಷವೂ ಬಹುಮಟ್ಟಿಗೆ ಗುರಿಯ ಪ್ರಕಾರ ಸಂದಾಯವಾಯಿತು. ಇದನ್ನು ತಲೆಕೆಳಗು ಮಾಡುವುದು ಅಸಾಧ್ಯವೆಂದು ನಾನು ಎಣಿಸುವುದಿಲ್ಲ. ಬೆರಕೆಯ ಪ್ರಮಾಣವು ಸ್ಥಿರವಾದ ಅಂಕಿಯಾಗಿರದೆ ಬೆಳೆಯ ಏರಿಳಿತವನ್ನು ಅನುಸರಿಸಬೇಕು. ಕಣದ ತುಂಬ ಕಾಳು ಬಿದ್ದು ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿದ ವರ್ಷ ಡಿಸ್ಟಿಲರಿಗಳು ಆ ಬೆಂಬಲ ಬೆಲೆಯಲ್ಲಿಯೇ ರೈತನಿಂದ ಹೆಚ್ಚಾಗಿ ಕೊಳ್ಳತಕ್ಕದ್ದು. ಮಳೆ ಕೈಕೊಟ್ಟ ವರ್ಷ ಮೊದಲು ಕಡಿತವಾಗತಕ್ಕದ್ದು ಟ್ಯಾಂಕಿನ ಪಾಲು, ಆಮೇಲೆ ಪಿಷ್ಟದ ಕಾರ್ಖಾನೆಯದು, ಕೋಳಿಯ ಮೇವಿಗೂ ಮನುಷ್ಯನ ಊಟಕ್ಕೂ ಕಡೆಯಲ್ಲಿ. ಬರದ ವರ್ಷ ಬೆಲೆ ತಾನೇ ಮೇಲಿರುವುದರಿಂದ ಈ ಕಡಿತದಿಂದ ರೈತನಿಗೆ ಆಗುವ ನಷ್ಟ ಸ್ವಲ್ಪ. ಡಿಸ್ಟಿಲರಿ ಕಟ್ಟಲು ಸಾಲ ತಂದವನ ನಷ್ಟವನ್ನು ಸರ್ಕಾರವು ತುಂಬಿಕೊಡುವುದು ನ್ಯಾಯ, ಏಕೆಂದರೆ ಅವನು ಕಟ್ಟಿದುದು ಸರ್ಕಾರದ ಮಾತಿನ ಮೇಲೆ. ಇಂಥ ಸರದಿಯನ್ನು ಬರ ಬಂದು ಕುಳಿತ ಮೇಲೆ ಆತುರದ ಆಜ್ಞೆಗಳಿಂದ ಕಟ್ಟಲು ಹೊರಟರೆ ಒಂದು ಧಾನ್ಯವನ್ನು ಕಾಪಾಡಿ ಇನ್ನೊಂದನ್ನು ಕಳೆದುಕೊಳ್ಳುವಂತಾಗುವುದೆಂದು 2023ರ ಅನುಭವವು ತೋರಿಸಿಕೊಟ್ಟಿದೆ. ಆದುದರಿಂದ ಧಾರಣೆ ಬಿದ್ದು ಎಲ್ಲ ಕಡೆಯೂ ಕಾಳು ದೊರೆಯುವಂಥ ಕಾಲದಲ್ಲಿಯೇ ನಮ್ಮ ಶಾಸನಸಭೆಗಳು ಆ ಕ್ರಮವನ್ನು ಚರ್ಚಿಸಿ, ಅಕ್ಕಿ, ಕಬ್ಬು, ಮೆಕ್ಕೆಜೋಳ ಮೂರಕ್ಕೂ ಒಟ್ಟಾಗಿ ಅನ್ವಯಿಸುವಂತೆ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ.